ಪದಚರ್ಚೆ: ‘ಸೌಂಡ್ ಡಿಸೈನ್’ಗೆ ಏನನ್ನೋಣ? ಸದ್ದು ಹೆಕ್ಕುವುದು, ಸದ್ದು ಕಟ್ಟುವುದು

ಗೆಳೆಯರೇ,

ಎಲೆಕ್ಟ್ರಾನಿಕ್ ಸಂಗೀತ ಮಾಡಲು ಕಲಿಯುತ್ತಿರುವ ಬೆಂಗಳೂರಿನ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಾಡಿಗೆ ಬೇಕಾದ ಸದ್ದುಗಳನ್ನು ಎಲ್ಲಿ ಹುಡುಕಬೇಕು, ಸಿಗದಿದ್ದರೆ ಹೇಗೆ ಮಾಡಿಕೊಳ್ಳಬೇಕು ಎನ್ನುವುದೇ ಅದರ ವಿಷಯ. ಇದಕ್ಕೆಲ್ಲ ಸೇರಿಸಿ ನಮ್ಮ ಹುಡುಗರು ‘ಸೌಂಡ್ ಡಿಸೈನ್’ ಅಂತಾರೆ. ಕೈಪಿಡಿಯಲ್ಲಿ ಏನಂತ ಬರೆಯಲಿ ಅನ್ನುವುದು ನನ್ನ ಮೊದಲ ಪ್ರಶ್ನೆ. ಅದರ ಹಿಂದೆ ಇನ್ನೂ ಕೆಲವು ಪ್ರಶ್ನೆಗಳು ಬರುತ್ತವೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

‘ಧ್ವನಿ ವಿನ್ಯಾಸ’ ಎಂಬ ಮಾತು ಅಲ್ಲಲ್ಲಿ ಬಳಕೆಯಲ್ಲಿದೆ. ಅದು ತಪ್ಪಲ್ಲ. ಆದರೆ ಧ್ವನಿ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಮನುಷ್ಯರ ಕಂಠ. ಅದರ ತದ್ಭವ ‘ದನಿ’ಯಂತೂ ಇನ್ನೂ ಜಾಸ್ತಿ ಕಂಠಕ್ಕೇ ಅಂಟಿಕೊಂಡಿದೆ. ‘ಅಮ್ಮನ ದನಿ’ ಅಂತೀವಿ, ‘ಮಿಕ್ಸಿಯ ದನಿ’ ಅನ್ನುವುದಿಲ್ಲ. ‘ಶಬ್ದ’ಕ್ಕೆ ಪದ ಎಂಬ ಅರ್ಥವೂ ಇದೆ. ‘ನಾದ’ ಎನ್ನಬೇಕಾದರೆ ಅದರಲ್ಲಿ ಶ್ರುತಿ ಇರಬೇಕು, ಕೇಳಲು ಹಿತವಾಗಿರಬೇಕು. ವೀಣೆಗೆ ನಾದ ಇದೆ, ರೋಲಿಂಗ್ ಶಟರ್‌ಗೆ ಇಲ್ಲ. ಉಳಿದದ್ದು ‘ಸದ್ದು’. ಇದು ಶಬ್ದದ ತದ್ಭವವೇ, ಆದರೆ ಪದ ಎಂಬ ಅರ್ಥವನ್ನು ದಾರಿಯಲ್ಲೇ ಬಿಟ್ಟು ಬಂದಿದೆ. ಬಾಗಿಲು, ಮಳೆ, ಮಷೀನು, ಎಲ್ಲಕ್ಕೂ ಸಲ್ಲುತ್ತದೆ. ‘ಸದ್ದು ಮಾಡಬೇಡ’ ಎನ್ನುವಲ್ಲಿ ಗದ್ದಲ ಎಂಬ ಅರ್ಥ ಇದೆ, ನಿಜ. ಈ ಕೆಲಸಕ್ಕೆ ಅದು ತೊಡಕಲ್ಲ. ಗದ್ದಲವೂ ಇಲ್ಲಿ ಕಚ್ಚಾ ಮಾಲೇ. ಉತ್ತರ ಕರ್ನಾಟಕದವರು ‘ಸಪ್ಪಳ’ ಅಂತಾರೆ. ಅದೂ ನನಗೆ ತುಂಬಾ ಇಷ್ಟದ ಪದ. ಸದ್ದು ಮತ್ತು ಸಪ್ಪಳದ ನಡುವೆ ನಿಮ್ಮ ಕಡೆ ಏನಾದರೂ ವ್ಯತ್ಯಾಸ ಮಾಡುತ್ತಾರಾ? ಹೆಜ್ಜೆ ಸಪ್ಪಳ ಅಂತ ಎಲ್ಲರೂ ಹೇಳುತ್ತಾರೆ. ಗುಡುಗಿಗೂ ಸಪ್ಪಳ ಅಂತಾರಾ?

ಇನ್ನು ‘ವಿನ್ಯಾಸ’. ಇದರಲ್ಲಿ ನನಗಿರುವ ತಕರಾರು ಬೇರೆ. ಈ ಕೆಲಸದಲ್ಲಿ ಎರಡು ಕೆಲಸಗಳಿವೆ. ಒಂದು, ಇರುವ ಸದ್ದನ್ನು ಗುರುತಿಸಿ ತರುವುದು. ಇನ್ನೊಂದು, ಇಲ್ಲದ ಸದ್ದನ್ನು ಮಾಡುವುದು. ಮೊದಲನೆಯದಕ್ಕೆ ‘ಹೆಕ್ಕು’, ಎರಡನೆಯದಕ್ಕೆ ‘ಕಟ್ಟು’ ಎಂದು ಬಳಸಬೇಕು ಅಂತ ನನ್ನ ಆಸೆ. ಪದ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಸದ್ದನ್ನೂ ಯಾಕೆ ಕಟ್ಟಬಾರದು? ‘ಹೆಕ್ಕು’ ಎನ್ನುವುದರಲ್ಲಿ ಬಗ್ಗಿ, ನೋಡಿ, ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳುವ ಅರ್ಥ ಇದೆ. ರೆಕಾರ್ಡರ್ ಹಿಡಿದು ಓಡಾಡುವವರು ಮಾಡುವುದು ಅದನ್ನೇ.

ಬೆಂಗಳೂರಿನಲ್ಲಿ ಹೆಕ್ಕಲು ಬೇಕಾದಷ್ಟಿದೆ. ಕಬ್ಬನ್‌ಪೇಟೆಯ ಗಲ್ಲಿಗಳಲ್ಲಿ ಪವರ್‌ಲೂಮ್‌ಗಳ ಲಟಪಟ ಇದೆ. ಎಸ್.ಪಿ. ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಶಟರ್‌ಗಳ ಗಡಗಡ. ಕಬ್ಬನ್ ಪಾರ್ಕಿನಲ್ಲಿ ಗಾಳಿ ಬಂದಾಗ ಬಿದಿರಿನ ಮೆಳೆ ಕಿರ್ರ್ ಅನ್ನುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಸೇರಿನಿಂದ ಕವರಿಗೆ ಸುರಿಯುವ ಕಾಯಿಯ ಗಲಗಲ ಕೇಳುತ್ತದೆ. ಆ ಸದ್ದಿನ ರೆಕಾರ್ಡಿಂಗನ್ನು ಚಿಕ್ಕದಾಗಿ ಕತ್ತರಿಸಿ ತಾಳಕ್ಕೆ ಸರಿಯಾಗಿ ಇಟ್ಟರೆ ಚೆನ್ನಾದ ಶೇಕರ್ (ಅಲ್ಲಾಡಿಸಿ ನುಡಿಸುವ ತಾಳವಾದ್ಯ) ಆಗುತ್ತದೆ.

ಬೀದಿ ಬದಿಯ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಒಳಗಿನ ಕಬ್ಬಿಣದ ತಿರುಳು ಪ್ರತಿ ಸುತ್ತಿಗೆ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಆ ಗುಂಯ್ 100 ಹರ್ಟ್ಜ್‌ನಲ್ಲಿ ಕೇಳುತ್ತದೆ. ಸಿ ಶ್ರುತಿಯಲ್ಲಿ ಹಾಡುವ ಗಂಡಸರಿಗೆ ಅದು ಮಂದ್ರ ಪಂಚಮಕ್ಕೆ (ಕೆಳಗಿನ ಸ್ಥಾಯಿಯ ‘ಪ’) ಒಂದು ಕೂದಲೆಳೆ ಮೇಲೆ. ಹಾಗಾದರೆ ಅದು ಸದ್ದೋ, ನಾದವೋ?

ಈ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಎಲೆಕ್ಟ್ರಾನಿಕ್ ಸಂಗೀತದ ಬುಡದಲ್ಲೇ ಇದು ಇದೆ. ಫ್ರಾನ್ಸಿನ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಮತ್ತೆ ಮತ್ತೆ ತಿರುಗಿಸಿ ಸಂಗೀತ ಮಾಡಿದರು. ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ಪದಚರ್ಚೆಗೂ ಬೇಕು. ಗಂಟೆಯ ರೆಕಾರ್ಡಿಂಗ್‌ನಲ್ಲಿ ಬಡಿದ ಆ ಮೊದಲ ಕ್ಷಣವನ್ನು ಕತ್ತರಿಸಿ ಹಾಕಿದರೆ, ಉಳಿದದ್ದು ಗಂಟೆಯ ಹಾಗೆ ಕೇಳುವುದೇ ಇಲ್ಲ. ಊದುವ ವಾದ್ಯದ ಹಾಗೆ ಕೇಳುತ್ತದೆ. ಈಗ ಕನ್ನಡದ ‘ಢಣ್’ ತೆಗೆದುಕೊಳ್ಳಿ. ಅದರ ಮುಂದಿನ ‘ಢ’ ತೆಗೆಯಿರಿ. ‘ಅಣ್ಣ್ಣ್’ ಅಂತ ಮೂಗಿನಲ್ಲಿ ಎಳೆಯುವ ಗುನುಗು ಉಳಿಯುತ್ತದೆ. ಶೆಫರ್ ಕತ್ತರಿಸಿದ್ದು ಆ ‘ಢ’ವನ್ನೇ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ನಮ್ಮ ಅನುಕರಣ ಪದಗಳಲ್ಲಿ ಸದ್ದಿನ ಇಡೀ ಆಕಾರವೇ ಇದೆ. ಸಿಂತ್‌ನಲ್ಲಿ (ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ, ಸಿಂಥಸೈಜರ್) ಸದ್ದು ಕಟ್ಟುವವರು ತಿಳಿಯಬೇಕಾದ್ದೆಲ್ಲ ಆ ಪುಟ್ಟ ಪದಗಳ ಒಳಗೆ ಜೋಡಿಸಿಟ್ಟ ಹಾಗಿದೆ. ಮೊದಲ ವ್ಯಂಜನ ಸದ್ದು ಹೇಗೆ ಶುರುವಾಯಿತು ಎಂದು ಹೇಳುತ್ತದೆ. ನಡುವಿನ ಸ್ವರ ಅದು ಎಷ್ಟು ತೆಳು, ಎಷ್ಟು ದಪ್ಪ ಎಂದು ಹೇಳುತ್ತದೆ. ಕೊನೆಯ ವ್ಯಂಜನ ಹೇಗೆ ಮುಗಿಯಿತು ಎಂದು ಹೇಳುತ್ತದೆ.

‘ಪಟ್’, ‘ಟಪ್’, ‘ಚಟ್’ ಇವು ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತವೆ. ಕೊನೆಯ ಟ್, ಪ್ ಗಳನ್ನು ಬಾಯಲ್ಲಿ ಎಳೆಯಲು ಆಗುವುದಿಲ್ಲ. ಆ ಸದ್ದುಗಳೂ ಎಳೆಯುವುದಿಲ್ಲ. ‘ಠಣ್’, ‘ಢಣ್’ ತಟ್ಟನೆ ಶುರುವಾಗುತ್ತವೆ, ಆದರೆ ಕೊನೆಯಲ್ಲಿ ಅನುನಾಸಿಕ ಇರುವುದರಿಂದ ಮೊಳಗುತ್ತಲೇ ಇರುತ್ತವೆ. ‘ಸುಂಯ್’ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತದೆ. ‘ಕಿರ್ರ್’, ‘ಬುರ್ರ್’ ಗಳಲ್ಲಿ ರಕಾರದ ನಡುಕ ಇದೆ. ಸಿಂತ್‌ನಲ್ಲಿ ಎಲ್‌ಎಫ್‌ಒ (ಸದ್ದನ್ನು ಒಂದೇ ಲಯದಲ್ಲಿ ತೂಗಾಡಿಸುವ ನಿಧಾನದ ಅಲೆ) ವೇಗ ಜಾಸ್ತಿ ಮಾಡಿದಾಗ ಬರುವ ಒರಟುತನ ಅದೇ.

ಸ್ವರದ ವಿಷಯಕ್ಕೆ ಬನ್ನಿ. ‘ಕಿಣಿಕಿಣಿ’ ಎಂದರೆ ಚಿಕ್ಕ ಗಂಟೆ, ‘ಗಣಗಣ’ ಎಂದರೆ ದೊಡ್ಡದು. ‘ಗುಡುಗುಡು’ ಇನ್ನೂ ಕೆಳಗೆ. ಇದು ಬರೀ ರೂಢಿಯಲ್ಲ. ಇಕಾರ ಹೇಳುವಾಗ ನಮ್ಮ ಬಾಯಿಯ ಎರಡನೇ ಅನುರಣನ ಸುಮಾರು 2000 ಹರ್ಟ್ಜ್‌ಗಿಂತ ಮೇಲಿರುತ್ತದೆ. ಉಕಾರಕ್ಕೆ ಅದು ಸುಮಾರು 1000ದ ಕೆಳಗೆ ಇಳಿಯುತ್ತದೆ. ಬಾಯಿಯೇ ಒಂದು ಫಿಲ್ಟರ್, ಅಂದರೆ ಸದ್ದಿನ ಕೆಲವು ಕಂಪನಗಳನ್ನು ಹಾಯಿಸಿ ಕೆಲವನ್ನು ತಡೆಯುವ ಜರಡಿ. ‘ಗುಂಯ್’ ಅನ್ನು ಮೆಲ್ಲಗೆ ಹೇಳಿ ನೋಡಿ. ಉಕಾರದಿಂದ ಯಕಾರಕ್ಕೆ ಹೋಗುವಾಗ ಫಿಲ್ಟರ್ ತೆರೆದ ಹಾಗೆಯೇ ಕೇಳುತ್ತದೆ. ಫಿಲ್ಟರ್ ಓಪನ್ ಆಗೋದು ಅಂದರೇನು ಎಂದು ಚಾರ್ಟ್ ಬರೆದು ವಿವರಿಸುವುದಕ್ಕಿಂತ, ಇದನ್ನು ಬಾಯಲ್ಲಿ ಮಾಡಿಸಿದರೆ ಮಕ್ಕಳಿಗೆ ಕೂಡಲೇ ಹಿಡಿಯುತ್ತದೆ.

ಇನ್ನು ಜೋಡಿಪದ. ‘ಪಟ್’ ಒಂದು ಸಲ, ‘ಪಟಪಟ’ ಹಲವು ಸಲ. ಈ ಪಟಪಟವನ್ನು ಕಂಪ್ಯೂಟರಿನಲ್ಲಿ ಬೇಗ ಬೇಗ ಮಾಡುತ್ತಾ ಹೋಗಿ. ಸೆಕೆಂಡಿಗೆ ಸುಮಾರು 20 ದಾಟಿದ ಮೇಲೆ ಕಿವಿ ಬಿಡಿ ಬಿಡಿ ಏಟುಗಳನ್ನು ಎಣಿಸುವುದನ್ನು ಬಿಟ್ಟು ಅದನ್ನೇ ಒಂದು ಸ್ವರವಾಗಿ ಕೇಳಲು ಶುರು ಮಾಡುತ್ತದೆ. ಮೊದಲು ಪಟಪಟ, ಆಮೇಲೆ ಪರ್ರ್, ಆಮೇಲೆ ಗುಂಯ್. ಸೆಕೆಂಡಿಗೆ 100 ಆದಾಗ ನಮ್ಮ ಟ್ರಾನ್ಸ್‌ಫಾರ್ಮರಿನ ಅದೇ ಮಂದ್ರ ಪಂಚಮಕ್ಕೆ ಬಂದು ಸೇರುತ್ತದೆ. ತಾಳ ಮತ್ತು ಶ್ರುತಿ ಎರಡೂ ಒಂದೇ ದಾರಿಯ ಎರಡು ತುದಿಗಳು ಎಂದು ಹೇಳಲು ಕನ್ನಡದ ಮೂರು ಅನುಕರಣ ಪದ ಸಾಕು. ನನಗೆ ಇದು ಬಹಳ ಖುಷಿ ಕೊಟ್ಟ ಸಂಗತಿ.

ಇಲ್ಲಿ ವ್ಯಾಕರಣ ಬಲ್ಲವರಿಗೆ ಒಂದು ಪ್ರಶ್ನೆ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ. ಆದರೆ ಅನುಕರಣ ಪದ ಬರೆಯುವಾಗ ನಾವು ಧಾರಾಳವಾಗಿ ಬಳಸುತ್ತೇವೆ. ಘಲ್, ಝಣ್, ಧಡಧಡ, ಠಣ್. ‘ಗಲ್ ಗಲ್’ ಮತ್ತು ‘ಘಲ್ ಘಲ್’ ಎರಡೂ ಗೆಜ್ಜೆಗೇ ಸಲ್ಲುತ್ತವೆ. ಎರಡನೆಯದು ಜೋರಾಗಿ ಹೆಜ್ಜೆ ಹಾಕಿದ್ದು ಅಂತ ನನಗೆ ಕೇಳುತ್ತದೆ. ನಿಮಗೂ ಹಾಗೇ ಕೇಳುತ್ತದಾ? ಯಾಕೆ ಕೇಳುತ್ತೇನೆಂದರೆ, 1983ರಲ್ಲಿ ಬಂದ, ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸಂದೇಶ ಕಳುಹಿಸುವ ಮಿಡಿ ಎಂಬ ಪದ್ಧತಿಯಲ್ಲಿ ಪ್ರತಿ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬುದಕ್ಕೆ 127ರವರೆಗೆ ಒಂದು ಅಂಕಿ ಇರುತ್ತದೆ. ಅದಕ್ಕೆ ವೆಲಾಸಿಟಿ ಅಂತಾರೆ. ಬಲ ಜಾಸ್ತಿಯಾದರೆ ಸದ್ದು ಜೋರಾಗುವುದಷ್ಟೇ ಅಲ್ಲ, ಒಳ್ಳೆಯ ವಾದ್ಯದಲ್ಲಿ ಅದರ ಗುಣವೂ ಬದಲಾಗುತ್ತದೆ. ಅನುಕರಣ ಪದಗಳಲ್ಲಿ ಮಹಾಪ್ರಾಣ ಅದೇ ಕೆಲಸ ಮಾಡುತ್ತಿದೆಯೇ? ಮಾತಿನಲ್ಲಿ ‘ಡಣ್’ ಅಂತಲೇ ಹೇಳಿ ಬರಹದಲ್ಲಿ ಮಾತ್ರ ‘ಢಣ್’ ಬರೆಯುತ್ತೇವೆ ಎನ್ನುವವರೂ ಇದ್ದೀರಿ. ಹಾಗಿದ್ದರೆ ನನ್ನ ಊಹೆ ನಿಲ್ಲುವುದಿಲ್ಲ. ತಿಳಿದವರು ಹೇಳಿ.

ಅಕ್ಷರಗಳಿಂದ ಸದ್ದನ್ನು ಹೆಸರಿಸುವುದು ನಮಗೆ ಹೊಸತೂ ಅಲ್ಲ. ಮೃದಂಗದ ಮೊದಲ ಪಾಠವೇ ತ, ದಿ, ತೊಂ, ನಂ. ‘ತ’ದಲ್ಲಿ ಮುಚ್ಚಿದ ಏಟು, ‘ತೊಂ’ನಲ್ಲಿ ಎಡಗೈಯ ಬಿಚ್ಚಿದ ಮೊಳಗು. ಮೃದಂಗ ಕಲಿತ ಹುಡುಗರು ಲ್ಯಾಪ್‌ಟಾಪ್ ಮುಂದೆ ಕೂತಾಗಲೂ ‘ಇಲ್ಲಿ ಕಿಕ್ ಸಾಲದು, ತೊಂ ಬೇಕು’ ಅಂತಾರೆ. ಕಿಕ್ ಅಂದರೆ ಕಾಲಿನಿಂದ ಬಡಿಯುವ ಬೇಸ್ ಡ್ರಮ್ಮಿನ ಸದ್ದು. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನಿನ ಕಿಕ್ ಇಷ್ಟು ಹೆಸರಾದದ್ದು ಅದರ ಬಾಲದಿಂದ. ಬಡಿದ ಮೇಲೆ ಅದು ಉದ್ದಕ್ಕೆ ಗುನುಗುತ್ತದೆ. ಸಾಮಾನ್ಯ ಬೇಸ್ ಡ್ರಮ್ಮಿಗೆ ‘ದಬ್’ ಸಾಕು. 808ಗೆ ‘ದೂಂ’ ಅನ್ನಬೇಕು. ಈ ಒಂದು ಬದಲಾವಣೆಯಲ್ಲಿ ಇಬ್ಬರು ಕೆಲಸಗಾರರು ಒಬ್ಬರಿಗೊಬ್ಬರು ತಿಳಿಸಬೇಕಾದ್ದೆಲ್ಲ ಬಂತು, ಅಲ್ವಾ? ಈಗ ಸ್ಟುಡಿಯೋಗಳಲ್ಲಿ ‘ಸ್ವಲ್ಪ ಪಂಚಿ ಮಾಡಿ’, ‘ವಾರ್ಮ್ ಇಲ್ಲ’, ‘ಕ್ರಿಸ್ಪ್ ಬೇಕು’ ಅಂತ ಹೇಳುತ್ತಿರುತ್ತೇವೆ. ಒಬ್ಬೊಬ್ಬರೂ ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ‘ದಬ್ ಅಲ್ಲ, ದೂಂ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ನಾನು ಸಿಕ್ಕಿಹಾಕಿಕೊಂಡಿರುವ ನಾಲ್ಕು ಪದಗಳು. ಸಿಂತ್‌ಗಳಲ್ಲಿ ಸದ್ದಿನ ಏರಿಳಿತಕ್ಕೆ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ಗುಂಡಿಗಳಿರುತ್ತವೆ. ‘ಆಕ್ರಮಣ, ಕ್ಷಯ’ ಎಂದೆಲ್ಲ ಅನುವಾದಿಸುವುದು ನನಗೆ ಸರಿ ಕಾಣುವುದಿಲ್ಲ. ಏರು, ಇಳಿ ಎಂದು ಮೊದಲ ಎರಡನ್ನು ಹೇಳಬಹುದು. ಸದ್ದು ಏರಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು. ಮೂರನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಉಳಿದ ಮೂರೂ ಕಾಲವನ್ನು ಅಳೆಯುತ್ತವೆ, ಸಸ್ಟೇನ್ ಮಾತ್ರ ಮಟ್ಟವನ್ನು ಅಳೆಯುತ್ತದೆ. ಕೀಲಿ ಒತ್ತಿ ಹಿಡಿದಿರುವವರೆಗೆ ಸದ್ದು ಯಾವ ಎತ್ತರದಲ್ಲಿ ನಿಂತಿರಬೇಕು ಎಂಬುದೇ ಅದು. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಅದನ್ನೂ ಒಂದು ಅವಧಿ ಅಂದುಕೊಳ್ಳುತ್ತಾರೆ. ಹಾಗಾಗಿ ‘ನಿಲುವು’ ಎನ್ನುವುದಕ್ಕಿಂತ ‘ನಿಲುಮಟ್ಟ’ ಎಂದು ಬರೆದರೆ ಈ ಗೊಂದಲವೇ ಬರುವುದಿಲ್ಲ. ಕೊನೆಯದಕ್ಕೆ ‘ಅಡಗು’. ಸದ್ದಡಗಿತು ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ‘ಆರು’ ಎಂದೂ ಹೇಳಬಹುದು, ದೀಪ ಆರಿದ ಹಾಗೆ. ಆದರೆ ಗುಂಡಿಯ ಪಕ್ಕ ‘ಆರು’ ಎಂದು ಬರೆದರೆ ಅಂಕಿ ಅಂತ ಓದಿಕೊಳ್ಳುವ ಅಪಾಯ ಇದೆ.

ಇವು ನಾಲ್ಕೂ ಸದ್ದಿನ ನಡೆಗೆ. ಸದ್ದಿನ ಗುಣಕ್ಕೆ ಏನು? ಒಂದೇ ಶ್ರುತಿ, ಒಂದೇ ಜೋರು ಇದ್ದರೂ ಕೊಳಲು ಕೊಳಲೇ, ಪಿಟೀಲು ಪಿಟೀಲೇ. ಇಂಗ್ಲಿಷ್‌ನವರು ಟಿಂಬರ್ ಅನ್ನುತ್ತಾರೆ. ಕನ್ನಡದಲ್ಲಿ ಹಾಡುವವರ ಬಗ್ಗೆ ‘ಒಳ್ಳೆ ಶಾರೀರ’ ಅಂತೀವಿ. ವಾದ್ಯಕ್ಕಾದರೆ ‘ನಾದ ಚೆನ್ನಾಗಿದೆ’ ಅಂತೀವಿ. ಸಿಂತ್‌ನಲ್ಲಿ ಕಟ್ಟಿದ ಸದ್ದಿಗೆ ಎರಡೂ ಹೊಂದುವುದಿಲ್ಲ. ‘ದನಿಬಣ್ಣ’ ಎಂಬ ಸಲಹೆ ಒಬ್ಬರು ಕೊಟ್ಟರು. ಕೆಟ್ಟದ್ದಲ್ಲ. ಆದರೆ ಶಾರೀರ ಎಂಬ ಪದವೇ ಶರೀರದಿಂದ ಬಂದಿದೆ. ಅದೇ ದಾರಿ ಹಿಡಿದು ‘ಮೈ’ ಎಂದರೆ ಹೇಗೆ? ಸದ್ದಿನ ಮೈ ಒರಟು, ಸದ್ದಿನ ಮೈ ನುಣುಪು. ‘ಮೈಕಟ್ಟು’ ಎಂಬ ಪದವೂ ಸಿದ್ಧವಾಗಿದೆ. ಸದ್ದು ಕಟ್ಟುವವರು ಕಟ್ಟುವುದು ಅದನ್ನೇ. ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಎಲ್ಲ ಉಪಸ್ವರಗಳೂ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳು) ಇರುತ್ತವೆ, ಚೌಕದ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ. ಎರಡರ ಮೈಯೂ ಬೇರೆ ಎಂದು ಕೇಳಿದ ಕೂಡಲೇ ತಿಳಿಯುತ್ತದೆ.

ನಮ್ಮ ವಾದ್ಯಗಾರರು ಈ ಮೈಯನ್ನು ಎಷ್ಟೋ ಕಾಲದಿಂದ ತಿದ್ದುತ್ತಾ ಬಂದಿದ್ದಾರೆ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಮೆಟ್ಟು) ಮೇಲೆ, ತಂತಿಯ ಅಡಿಗೆ ಒಂದು ನೂಲಿನ ಎಳೆ ಸೇರಿಸುತ್ತಾರೆ. ಅದಕ್ಕೆ ಜೀವ ಎನ್ನುತ್ತಾರೆ. ಎಳೆಯನ್ನು ಕೂದಲಷ್ಟು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗಕ್ಕೆ ತಂದಾಗ ಉಪಸ್ವರಗಳೆಲ್ಲ ಎದ್ದು ತಂತಿ ಝೇಂಕರಿಸುತ್ತದೆ. ಮೃದಂಗದ ಎಡಕ್ಕೆ ಕಲಸಿದ ರವೆ ಹಚ್ಚಿ ತೂಕ ಕೊಡುತ್ತಾರೆ, ಸದ್ದು ಕೆಳಗಿಳಿದು ದಪ್ಪವಾಗುತ್ತದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿಯಾಗಿ ಸದ್ದು ಚೂಪಾಗುತ್ತದೆ. ಇವರೆಲ್ಲ ಕೆಲಸ ಮಾಡುವಾಗ ಬಳಸುವ ಪದಗಳು ನನಗೆ ಬೇಕು. ‘ಹದ’, ‘ಬಿಗಿ’, ‘ಸಡಿಲ’, ‘ಮೊಂಡು’ ಇವು ಗೊತ್ತು. ಇನ್ನೂ ಖಂಡಿತ ಇರಲೇಬೇಕು. ತಮಟೆ, ಡೊಳ್ಳು, ಉರುಮೆ ಕಟ್ಟುವ ಮನೆತನದವರು ಈ ಗುಂಪಿನಲ್ಲಿದ್ದರೆ ಅಥವಾ ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಪುಸ್ತಕದ ಪದಗಳಿಗಿಂತ ಅವರ ಮಾತು ನನಗೆ ಹೆಚ್ಚು.

ಎಲ್ಲವನ್ನೂ ಕನ್ನಡ ಮಾಡಬೇಕೆಂದು ನನಗೇನೂ ಹಟ ಇಲ್ಲ. ಸಿಂತ್, ಪ್ಯಾಚ್, ಪ್ರಿಸೆಟ್, ಲೂಪ್ ಹಾಗೇ ಇರಲಿ. ಫಿಲ್ಟರ್ ನಮ್ಮ ಕಾಫಿಯಿಂದಲೇ ಕನ್ನಡವಾಗಿ ಹೋಗಿದೆ. ಸಿಂತ್‌ನಲ್ಲಿ ಹೊಂದಿಸಿಟ್ಟ ಒಂದು ಸದ್ದಿಗೆ ಪ್ಯಾಚ್ ಅಂತಾರೆ. ಆ ಹೆಸರು ಬಂದದ್ದು ಹಳೆಯ ಸಿಂತ್‌ಗಳಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಸಿಕ್ಕಿಸುತ್ತಿದ್ದ ವೈರುಗಳಿಂದ. ವೈರು ಹೋಯಿತು, ಹೆಸರು ಉಳಿಯಿತು. ನಮ್ಮಲ್ಲೂ ಹಾಗೆ ಆಗಿದೆ. ಬೆಂಗಳೂರಿನ ರಾಡೆಲ್ ಕಂಪನಿಯಂಥವರು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದಾಗ ತಿದಿ ಹೋಯಿತು, ಶ್ರುತಿ ಪೆಟ್ಟಿಗೆ ಎಂಬ ಹೆಸರು ಉಳಿಯಿತು. ಯಾರಿಗೂ ತೊಂದರೆಯಾಗಲಿಲ್ಲ. ‘ಸ್ಯಾಂಪಲ್’ ಒಂದು ಮಾತ್ರ ಬಿಡಿಸಬೇಕು. ಇಂಗ್ಲಿಷ್‌ನಲ್ಲಿ ಅದಕ್ಕೆ ಎರಡು ಅರ್ಥ. ಹಾಡಿಗೆ ಬಳಸುವ ರೆಕಾರ್ಡಿಂಗ್ ಚೂರೂ ಸ್ಯಾಂಪಲ್ಲೇ, ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ತೆಗೆಯುವ ಅಳತೆಯೂ ಸ್ಯಾಂಪಲ್ಲೇ. ಮೊದಲನೆಯದಕ್ಕೆ ‘ತುಣುಕು’, ಎರಡನೆಯದಕ್ಕೆ ‘ಮಾದರಿ’ ಎಂದರೆ ಮಕ್ಕಳಿಗೆ ಸುಲಭ.

ಇನ್ನೊಂದು ಮಾತು ಹೇಳದೆ ಇರಲಾರೆ. ಎಲ್ಲ ಆವೃತ್ತಿಗಳೂ (ಕಂಪನದ ವೇಗಗಳೂ) ಸಮವಾಗಿ ಬೆರೆತ ಸುಯ್ ಎನ್ನುವ ಸದ್ದಿಗೆ ವೈಟ್ ನಾಯ್ಸ್ ಎಂದು ಹೆಸರು. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣ ಇರುವ ಹೋಲಿಕೆಯಿಂದ ಬಂದ ಹೆಸರು ಅದು. ಇದನ್ನು ಸೋಸಿ ಸೋಸಿ ಗಾಳಿ, ಜಿಟಿಜಿಟಿ ಮಳೆ, ಧೋ ಎನ್ನುವ ಮಳೆ, ಸ್ನೇರ್ (ಚರ್ರ್ ಎನ್ನುವ ಡ್ರಮ್) ಎಲ್ಲವನ್ನೂ ಕಟ್ಟಬಹುದು. ‘ಬಿಳಿ ಸದ್ದು’ ಎಂದು ಬರೆದುಕೊಂಡ ಮೇಲೆ ಶಬ್ದಮಣಿದರ್ಪಣ ನೆನಪಾಯಿತು. 13ನೇ ಶತಮಾನದ ಕೇಶಿರಾಜ ಅದರಲ್ಲಿ ಶಬ್ದವನ್ನು ದ್ರವ್ಯ ಎನ್ನುತ್ತಾನೆ, ಅದು ನಾಭಿಯ ಬುಡದಲ್ಲಿ ಕಹಳೆಯ ರೀತಿ ಹುಟ್ಟುತ್ತದೆ ಎನ್ನುತ್ತಾನೆ, ಅದರ ಬಣ್ಣ ಬಿಳಿ ಎನ್ನುತ್ತಾನೆ. ಅವನ ಬಿಳಿಗೂ ಇಂದಿನ ಬಿಳಿಗೂ ಸಂಬಂಧ ಇಲ್ಲ, ಅವನದು ಜೈನ ತತ್ವದ ಮಾತು. ಆದರೂ ಸದ್ದನ್ನು ಕೈಯಲ್ಲಿ ಹಿಡಿದು ತಿದ್ದುವ ವಸ್ತುವಿನಂತೆ ನೋಡುವುದು ಈ ಭಾಷೆಗೆ ಅಪರಿಚಿತವಲ್ಲ ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸುವ ಮನಸ್ಸಿದೆ. ಸೂತ್ರದ ಸರಿಯಾದ ಪಾಠ ಬಲ್ಲವರು ಕಳುಹಿಸಿದರೆ ಉಪಕಾರ.

ನಿಮ್ಮಿಂದ ಬೇಕಾದ್ದು ಇಷ್ಟು. ‘ಹೆಕ್ಕು’ ಎನ್ನುವುದು ನಿಮ್ಮ ಊರಿನಲ್ಲಿ ಬಳಕೆಯಲ್ಲಿದೆಯೇ, ಇಲ್ಲದಿದ್ದರೆ ‘ಆಯ್ದುಕೊಳ್ಳು’ ಎನ್ನುತ್ತೀರೋ, ಬೇರೆ ಏನಾದರೂ ಇದೆಯೋ? ‘-ಗುಟ್ಟು’ ಸೇರಿಸಿ ಹೊಸ ಕ್ರಿಯಾಪದ ಮಾಡಬಹುದೇ? ಪಿಸುಗುಟ್ಟು, ಬುಸುಗುಟ್ಟು, ಗಡಗುಟ್ಟು ಇವೆ. ಬೇಸ್ ಸದ್ದು ಎಲ್‌ಎಫ್‌ಒದಿಂದ ತೂಗಾಡುವುದಕ್ಕೆ ‘ವವಗುಟ್ಟು’ ಎಂದರೆ ಕನ್ನಡದ ಕಿವಿ ಒಪ್ಪುತ್ತದೆಯೇ? ಮತ್ತೆ, ನಿಮ್ಮ ಮನೆಯಲ್ಲಿ ಹಿರಿಯರು ಬಳಸುವ, ನಿಘಂಟಿನಲ್ಲಿ ಸಿಗದ ಅನುಕರಣ ಪದಗಳನ್ನು ಬರೆಯಿರಿ. ಯಾವ ಊರು, ಯಾವ ವಸ್ತುವಿನ ಸದ್ದು ಎಂಬುದನ್ನೂ ಸೇರಿಸಿ. ಸಾಧ್ಯವಾದರೆ ಫೋನಿನಲ್ಲಿ ಆ ಸದ್ದನ್ನೂ, ಪದವನ್ನು ಬಾಯಲ್ಲಿ ಹೇಳಿದ್ದನ್ನೂ ರೆಕಾರ್ಡ್ ಮಾಡಿ ಕಳುಹಿಸಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಲೆಯ ಆಕಾರ ಹೋಲಿಸಿ ಇಲ್ಲೇ ಹಾಕುತ್ತೇನೆ. ‘ಅಡಗು’ ಮತ್ತು ‘ನಿಲುಮಟ್ಟ’ದ ಬಗ್ಗೆ ಮೊದಲು ಉತ್ತರಿಸಿ. ಆ ಅಧ್ಯಾಯವನ್ನೇ ಈಗ ಬರೆಯುತ್ತಿದ್ದೇನೆ.